ಜೆಸ್ಸಾಮಿಯ ಆ ಐದು ದಿನ: ಕೊಹಿಮಾ ಮುತ್ತಿಗೆಗೆ ಮೊದಲು ಅಸ್ಸಾಂ ಬೆಟಾಲಿಯನ್ ಮಾಡಿದ ಕೆಲಸ

ಪ್ರಶ್ನೆ: ಈಚೆಗೆ ಕೊಹಿಮಾದ ಯುದ್ಧ ಸಮಾಧಿಭೂಮಿಗೆ ಹೋಗಿದ್ದೆವು. ಅಲ್ಲಿ ಕೇಳಿದ ಕಥೆಯೆಲ್ಲ ಒಂದು ಬ್ರಿಟಿಷ್ ಬೆಟಾಲಿಯನ್ನಿನ ಸುತ್ತಲೇ ಇತ್ತು. ಆದರೆ ನಮ್ಮ ವಾಹನದ ಚಾಲಕರು, ಅದಕ್ಕೂ ಮೊದಲೇ ಜೆಸ್ಸಾಮಿ ಎಂಬ ಹಳ್ಳಿಯಲ್ಲಿ ಅಸ್ಸಾಂ ರೆಜಿಮೆಂಟಿನ ಸೈನಿಕರು ಜಪಾನೀಯರನ್ನು ತಡೆದರೆಂದೂ, ಅವರಿಗೆ ಕೊನೆಯ ಮನುಷ್ಯನವರೆಗೆ ಹೋರಾಡಬೇಕೆಂಬ ಆಜ್ಞೆ ಇತ್ತೆಂದೂ ಹೇಳಿದರು. ಇದು ನಿಜವೇ? ಅಂಥ ಆಜ್ಞೆ ಕೊಟ್ಟದ್ದು ಸರಿಯೇ? ಅಲ್ಲಿ ಹೋರಾಡಿದವರ ಹೆಸರುಗಳು ಎಲ್ಲಿ ಸಿಗುತ್ತವೆ?

ಉತ್ತರ: ನಿಮ್ಮ ಚಾಲಕರು ಹೇಳಿದ್ದು ನಿಜ. 1944ರ ಮಾರ್ಚ್ ಕೊನೆಯ ವಾರದಲ್ಲಿ, ಕೊಹಿಮಾದ ಮೇಲೆ ಮೊದಲ ಗುಂಡು ಹಾರುವ ಮುನ್ನವೇ, ಅಸ್ಸಾಂ ರೆಜಿಮೆಂಟಿನ 1ನೇ ಬೆಟಾಲಿಯನ್ ಪೂರ್ವದ ಬೆಟ್ಟಗಳಲ್ಲಿ ಜೆಸ್ಸಾಮಿ ಮತ್ತು ಖರಸೋಮ್ ಎಂಬ ಎರಡು ಹಳ್ಳಿಗಳಲ್ಲಿ ನಿಂತು, ತನಗಿಂತ ಹಲವು ಪಟ್ಟು ದೊಡ್ಡದಾದ ಜಪಾನೀ ಸೈನ್ಯವನ್ನು ಎದುರಿಸಿತು. ಅದರ ಮೇಲೆ ಕೊನೆಯ ಗುಂಡು, ಕೊನೆಯ ಮನುಷ್ಯನವರೆಗೆ ಎಂಬ ಆಜ್ಞೆಯೂ ಇತ್ತು. ಅದು ಸರಿಯೇ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸಬೇಕಾದರೆ ಆ ಬೆಟಾಲಿಯನ್ ಎಂಥದ್ದು, ಅದನ್ನು ಅಲ್ಲಿ ಏಕೆ ಇಟ್ಟಿದ್ದರು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕಾಗುತ್ತದೆ.

ಮೊದಲಿಗೆ, ಅನೇಕರು ಎಡವುವ ಒಂದು ವಿಷಯ. ಅಸ್ಸಾಂ ರೆಜಿಮೆಂಟ್ ಬೇರೆ, ಅಸ್ಸಾಂ ರೈಫಲ್ಸ್ ಬೇರೆ. ಅಸ್ಸಾಂ ರೈಫಲ್ಸ್ 1835ರ ಕಾಚಾರ್ ಲೆವಿಯಿಂದ ಬೆಳೆದು ಬಂದ, ಗಡಿ ಮತ್ತು ಗುಡ್ಡಗಾಡಿನ ಕಾವಲಿಗೆಂದೇ ಕಟ್ಟಿದ ಅರೆಸೇನಾ ಪಡೆ. ಅಸ್ಸಾಂ ರೆಜಿಮೆಂಟ್ ಭಾರತೀಯ ಭೂಸೇನೆಯ ಪದಾತಿ ರೆಜಿಮೆಂಟ್, ಅದು ಹುಟ್ಟಿದ್ದು 1941ರ ಜೂನ್ 15ರಂದು ಶಿಲ್ಲಾಂಗಿನಲ್ಲಿ. ಕೊಹಿಮಾದಲ್ಲಿ ಇಬ್ಬರೂ ಇದ್ದರು. ಆದ್ದರಿಂದಲೇ ಹಲವು ಬರಹಗಳಲ್ಲಿ ಒಬ್ಬರ ಸಾಹಸ ಇನ್ನೊಬ್ಬರ ಖಾತೆಗೆ ಹೋಗಿದೆ. ಹೆಸರು ಹುಡುಕಲು ಹೊರಟವರು ಈ ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳದಿದ್ದರೆ ದಾರಿ ತಪ್ಪುವುದು ಖಂಡಿತ.

ಮೊದಲನೆಯ ಬೆಟಾಲಿಯನ್ನನ್ನು ಕಟ್ಟಿದವರು ಲೆಫ್ಟಿನೆಂಟ್ ಕರ್ನಲ್ ರಾಸ್ ಹೌಮನ್. ಅಂದಿನ ಸೇನೆಯಲ್ಲಿ ಹೆಸರು ಮಾಡಿದ ರೆಜಿಮೆಂಟುಗಳಿಗೆ ನೂರು, ನೂರೈವತ್ತು ವರ್ಷಗಳ ಪರಂಪರೆಯಿತ್ತು. ಅಪ್ಪ, ಅಜ್ಜ ಸೇವೆ ಸಲ್ಲಿಸಿದ ಪಲ್ಟನ್ನಿಗೇ ಮಗನೂ ಸೇರುತ್ತಿದ್ದ. ಅಸ್ಸಾಂ ರೆಜಿಮೆಂಟಿಗೆ ಅದಾವುದೂ ಇರಲಿಲ್ಲ. ನಾಗಾ, ಮಿಜೋ, ಕುಕಿ, ಖಾಸಿ, ಅಹೋಂ ಮುಂತಾಗಿ ಬ್ರಹ್ಮಪುತ್ರಾ ಕಣಿವೆಯ ಮತ್ತು ಅದರ ಸುತ್ತಲಿನ ಗುಡ್ಡಗಳ ಹಲವಾರು ಸಮುದಾಯಗಳ ಯುವಕರು, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗದವರು, ಒಂದೇ ಕಂದಕದಲ್ಲಿ ಅಕ್ಕಪಕ್ಕ ನಿಲ್ಲಬೇಕಾಗಿತ್ತು. ಹುಟ್ಟಿ ಕೆಲವೇ ತಿಂಗಳಲ್ಲಿ, ಜಪಾನ್ ಬರ್ಮಾದೊಳಕ್ಕೆ ನುಗ್ಗುತ್ತಿದ್ದಾಗ, ಈ ಬೆಟಾಲಿಯನ್ನನ್ನು ದಿಗ್ಬಾಯಿಯ ತೈಲಕ್ಷೇತ್ರದ ಕಡೆಗೆ ಕಳುಹಿಸಲಾಯಿತು. ಆದರೆ ಇಡೀ ಬೆಟಾಲಿಯನ್ನಾಗಿ ನಿಂತು ಒಂದು ದೊಡ್ಡ ಕಾಳಗವನ್ನು ಎದುರಿಸಿದ ಅನುಭವ 1944ರ ಆರಂಭದವರೆಗೂ ಅದಕ್ಕೆ ಬಂದಿರಲಿಲ್ಲ. ಆಗ ಅದರ ಕಮಾಂಡಿಂಗ್ ಆಫೀಸರ್ ಆಗಿದ್ದವರು ಲೆಫ್ಟಿನೆಂಟ್ ಕರ್ನಲ್ ಬ್ರೌನ್. ಸೇನೆಯಲ್ಲಿ ಎಲ್ಲರೂ ಅವರನ್ನು ಬ್ರೂನೋ ಬ್ರೌನ್ ಎಂದೇ ಕರೆಯುತ್ತಿದ್ದರು.

ಈಗ ಜಾಗದ ವಿಚಾರ. ದಿಮಾಪುರ ರೈಲು ತಲುಪುವ ಊರು. ಬರ್ಮಾ ಗಡಿಯ ಇಡೀ ಸೈನ್ಯಕ್ಕೆ ಬೇಕಾದ ದವಸ, ಮದ್ದುಗುಂಡು, ಪೆಟ್ರೋಲುಗಳ ರಾಶಿ ಅಲ್ಲಿ ಹನ್ನೊಂದು ಮೈಲಿ ಉದ್ದಕ್ಕೆ ಹರಡಿತ್ತು. ಅಲ್ಲಿಂದ 46 ಮೈಲಿ ಬೆಟ್ಟ ಹತ್ತಿದರೆ ಕೊಹಿಮಾ. ಅದೇ ರಸ್ತೆ ಮುಂದೆ ದಕ್ಷಿಣಕ್ಕೆ ಇಂಫಾಲಕ್ಕೆ ಹೋಗುತ್ತದೆ. ಕೊಹಿಮಾ ಕೈತಪ್ಪಿದರೆ ಇಂಫಾಲದ ಸೈನ್ಯಕ್ಕೆ ರಸ್ತೆ ಇಲ್ಲ, ದಿಮಾಪುರಕ್ಕೆ ರಕ್ಷಣೆ ಇಲ್ಲ. ಕೊಹಿಮಾದ ಪೂರ್ವಕ್ಕೆ ಚಿಂದ್ವಿನ್ ನದಿಯವರೆಗೂ ಹಬ್ಬಿದ್ದು ಒಂದರ ಹಿಂದೊಂದು ಕಡಿದಾದ ಬೆಟ್ಟಸಾಲು, ನಡುವೆ ಕಾಲುದಾರಿಗಳು. ಆ ದಾರಿಗಳು ಬಂದು ಕೂಡುವ ಎಡೆಗಳಲ್ಲಿ ಜೆಸ್ಸಾಮಿ ಒಂದು, ಅದರ ದಕ್ಷಿಣಕ್ಕೆ ಖರಸೋಮ್ ಇನ್ನೊಂದು. ಎರಡೂ ಇಂದಿನ ಮಣಿಪುರದ ಉಖ್ರುಲ್ ಜಿಲ್ಲೆಗೆ ಸೇರಿವೆ. ಜೆಸ್ಸಾಮಿಯಂತೂ ನಾಗಾಲ್ಯಾಂಡಿನ ಅಂಚಿನಲ್ಲೇ ಇದೆ.

ಈ ಬೆಟ್ಟಗಳನ್ನು ದಾಟಿ ಒಂದು ಇಡೀ ಡಿವಿಷನ್, ಅಂದರೆ ಹಲವು ರೆಜಿಮೆಂಟುಗಳು ಸೇರಿದ ದೊಡ್ಡ ಪಡೆ, ಬರಲಾರದು, ಬಂದರೆ ಹೆಚ್ಚೆಂದರೆ ಒಂದು ರೆಜಿಮೆಂಟಿನಷ್ಟು ಸೈನ್ಯ ಬರಬಹುದು ಎಂಬುದು ಬ್ರಿಟಿಷ್ ಹದಿನಾಲ್ಕನೆಯ ಸೈನ್ಯದ ದಂಡನಾಯಕ ಜನರಲ್ ಸ್ಲಿಮ್ ಅವರ ಲೆಕ್ಕಾಚಾರವಾಗಿತ್ತು. ಆ ಲೆಕ್ಕ ತಪ್ಪಿತು. ಮಾರ್ಚ್ 15ರ ರಾತ್ರಿ ಚಿಂದ್ವಿನ್ ದಾಟಿದ ಲೆಫ್ಟಿನೆಂಟ್ ಜನರಲ್ ಸಾಟೋ ಅವರ 31ನೇ ಡಿವಿಷನ್, ಹೇಸರಗತ್ತೆಗಳು, ಆನೆಗಳು, ದನಗಳ ಹಿಂಡಿನೊಂದಿಗೆ ಹಲವು ಕವಲುಗಳಾಗಿ ಕೊಹಿಮಾದ ಕಡೆಗೆ ನಡೆದು ಬಂದಿತು. ಅವರ ಬಳಿ ಇದ್ದದ್ದು ಸುಮಾರು ಮೂರು ವಾರಗಳ ಆಹಾರ. ಅಷ್ಟರೊಳಗೆ ಬ್ರಿಟಿಷರ ಉಗ್ರಾಣಗಳನ್ನು ಹಿಡಿದು ಅದರಿಂದಲೇ ಉಣ್ಣಬಹುದು ಎಂಬುದು ಜಪಾನೀ ಹದಿನೈದನೆಯ ಸೈನ್ಯದ ಮುಖ್ಯಸ್ಥ ಮುತಾಗುಚಿಯವರ ಯೋಜನೆಯ ಆಧಾರ. ಈ ಮೂರು ವಾರಗಳ ಸಂಗತಿಯನ್ನು ನೆನಪಿನಲ್ಲಿಡಿ. ಜೆಸ್ಸಾಮಿಯ ಬೆಲೆ ಗೊತ್ತಾಗುವುದು ಅದರಿಂದಲೇ.

ಅಸ್ಸಾಂ ಬೆಟಾಲಿಯನ್ ಮೊದಲು ಈ ಪ್ರದೇಶಕ್ಕೆ ಬಂದದ್ದು ಗಸ್ತು ತಿರುಗಲು, ಚಿಂದ್ವಿನ್ ಕಡೆಯಿಂದ ಬರುವ ಸುದ್ದಿಯನ್ನು ಸಂಗ್ರಹಿಸಲು. ಅಪಾಯ ಸಮೀಪಿಸಿದಂತೆ ಆ ಕೆಲಸ ಬದಲಾಯಿತು. ಬೆಟಾಲಿಯನ್ನಿನ ಮುಖ್ಯ ಭಾಗ ಜೆಸ್ಸಾಮಿಯಲ್ಲಿ, ಒಂದು ಕಂಪನಿ ಖರಸೋಮ್‌ನಲ್ಲಿ ಭದ್ರವಾಗಿ ನೆಲೆಯೂರಿ ದಾರಿ ಅಡ್ಡಗಟ್ಟಬೇಕೆಂದು ಹೇಳಲಾಯಿತು. ಅಲ್ಲಿನ ಸೈನಿಕರಿಗೆ ಮರ ಕಡಿಯುವುದು, ದಿಮ್ಮಿ ಹೊರುವುದು, ಮಣ್ಣು ಅಗೆಯುವುದು ಬಾಲ್ಯದಿಂದ ಬಂದ ಕೆಲಸ. ದಪ್ಪ ದಿಮ್ಮಿಗಳ ಮಾಡಿನ ಬಂಕರುಗಳನ್ನು ಕಟ್ಟಿದರು, ಎದುರಿನ ಪೊದೆಗಳನ್ನು ಸವರಿ ಗುಂಡಿನ ಹಾದಿಯನ್ನು ತೆರವು ಮಾಡಿದರು, ಸುತ್ತಲೂ ಮುಳ್ಳುತಂತಿ ಎಳೆದರು. ಹಿಂದಿನಿಂದ ಬೆಂಬಲಿಸಲು ಫಿರಂಗಿಗಳಿರಲಿಲ್ಲ. ಹೊಸ ಬೆಟಾಲಿಯನ್ ಐದು ದಿನ ನಿಂತದ್ದಕ್ಕೆ ಅದರ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ನಾನಾದರೋ ಅದರ ಜೊತೆಗೆ ಈ ಅಗೆತದ ಕೆಲಸವನ್ನೂ ಅಷ್ಟೇ ಗೌರವದಿಂದ ನೆನೆಯುತ್ತೇನೆ. ಸರಿಯಾಗಿ ಕಟ್ಟದ ಬಂಕರಿನಲ್ಲಿ ಎಂಥ ಶೂರನೂ ಒಂದು ರಾತ್ರಿಗಿಂತ ಹೆಚ್ಚು ಉಳಿಯಲಾರ.

ಮಾರ್ಚ್ 27ರ ಹೊತ್ತಿಗೆ ಖರಸೋಮ್‌ನ ಕಂಪನಿಗೆ ಶತ್ರುವಿನ ದೀರ್ಘ ಸಾಲು ಕಣ್ಣಿಗೆ ಬಿತ್ತು. 28ರಿಂದ ಜೆಸ್ಸಾಮಿಯ ಮೇಲೆ ಜಪಾನೀ 138ನೇ ರೆಜಿಮೆಂಟಿನ ದಾಳಿ ಶುರುವಾಯಿತು. ಹಗಲಿನಲ್ಲಿ ಮರೆಯಿಂದ ಗುಂಡು, ಮಾರ್ಟರ್. ಕತ್ತಲಾದ ಮೇಲೆ ಅಲೆ ಅಲೆಯಾಗಿ ಕಾಲಾಳುಗಳ ನುಗ್ಗಾಟ. ಮುಳ್ಳುತಂತಿಯ ಒಳಗೆ ಬಂದು ಬಿದ್ದ ಗ್ರೆನೇಡನ್ನು ಸಿಡಿಯುವ ಮೊದಲೇ ಎತ್ತಿ ತಿರುಗಿ ಎಸೆದವರಿದ್ದರು. ಬ್ರೆನ್ ಗನ್ನುಗಳ, ಅಂದರೆ ಹಗುರ ಮೆಷಿನ್ ಗನ್ನುಗಳ, ನಳಿಗೆಗಳು ಸತತ ಹೊಡೆತದಿಂದ ಕಾದು ಕೆಂಪಾದವು. ಕೆಲವೆಡೆ ಕಾಳಗ ಬಯೊನೆಟ್ಟಿಗೆ, ಗುಡ್ಡದ ಜನ ಮನೆಯಿಂದಲೇ ಬಲ್ಲ ದಾವೊ ಕತ್ತಿಗೆ ಇಳಿಯಿತು. ಮೊದಲ ಸಲ ಇಂಥದನ್ನು ಕಂಡ ಹುಡುಗರಲ್ಲಿ ಸಾಮಾನ್ಯವಾಗಿ ಕಾಣುವ ದೋಷವೆಂದರೆ ಕತ್ತಲಲ್ಲಿ ಸದ್ದಾದ ಕಡೆಗೆಲ್ಲ ಹೊಡೆದು ಮದ್ದುಗುಂಡು ಬರಿದು ಮಾಡಿಕೊಳ್ಳುವುದು. ದಿನದಿಂದ ದಿನಕ್ಕೆ ದಾಳಿ ಬಿರುಸಾದರೂ ನೆಲೆ ಉಳಿಯಿತೆಂದರೆ, ಆ ಶಿಸ್ತನ್ನು ಅವರು ಅಲ್ಲೇ, ಆ ರಾತ್ರಿಗಳಲ್ಲೇ ಕಲಿತಿರಬೇಕು.

ಇನ್ನು ಆಜ್ಞೆಯ ಪ್ರಶ್ನೆ. ಮುಖ್ಯ ನೆಲೆಗಿಂತ ಬಹಳ ಮುಂದೆ ಇಡುವ ಇಂಥ ತುಕಡಿಯ ಕೆಲಸ ಶತ್ರುವನ್ನು ತಡವರಿಸುವಂತೆ ಮಾಡುವುದು, ಅವನ ಬಲವೆಷ್ಟೆಂದು ಅಳೆಯುವುದು, ಅನಂತರ ಹಿಂದೆ ಸರಿದು ಮುಖ್ಯ ಸೈನ್ಯವನ್ನು ಸೇರಿಕೊಳ್ಳುವುದು. ಯುದ್ಧಶಾಸ್ತ್ರ ಹೇಳುವುದು ಇದನ್ನೇ. ಅಂಥ ತುಕಡಿಗೆ ಕೊನೆಯ ಮನುಷ್ಯನವರೆಗೆ ಹೋರಾಡು ಎಂದು ಹೇಳಿದರೆ, ಅದರ ಎರಡನೆಯ ಅರ್ಧ ಕೆಲಸವನ್ನು ಕಿತ್ತುಕೊಂಡಂತೆ ಆಗುತ್ತದೆ. ಬರುತ್ತಿರುವುದು ಒಂದು ರೆಜಿಮೆಂಟ್ ಎಂಬ ತಪ್ಪು ಲೆಕ್ಕದ ಮೇಲೆ ನಿಂತಿದ್ದ ಈ ಆಜ್ಞೆ, ಬಂದದ್ದು ಒಂದು ಡಿವಿಷನ್ ಎಂದು ಗೊತ್ತಾದ ಕ್ಷಣವೇ ಅರ್ಥ ಕಳೆದುಕೊಂಡಿತ್ತು. ಕೊಹಿಮಾದಲ್ಲಿ ಆಗ ಕಾದಾಡಬಲ್ಲ ಸೈನಿಕರೇ ಕಡಿಮೆ. ಕೊಹಿಮಾ ರಕ್ಷಣೆಗೆಂದು ಬಂದಿದ್ದ 161ನೇ ಭಾರತೀಯ ಬ್ರಿಗೇಡನ್ನು ದಿಮಾಪುರದ ಭಯದಿಂದ ಮಾರ್ಚ್ ಕೊನೆಯಲ್ಲಿ ಹಿಂದಕ್ಕೆ ಕರೆಸಿಕೊಳ್ಳಲಾಗಿತ್ತು. ಅಂಥ ಹೊತ್ತಿನಲ್ಲಿ ತರಬೇತಾದ, ಕಾಳಗ ಕಂಡ ಒಂದು ಬೆಟಾಲಿಯನ್ನನ್ನು ದೂರದ ಹಳ್ಳಿಯಲ್ಲಿ ಕಳೆದುಕೊಳ್ಳುವುದು ಸರಿಯಾಗಿರಲಿಲ್ಲವೆಂದೇ ನನ್ನ ಅಭಿಪ್ರಾಯ. ಅಂದಿನ ಅಧಿಕಾರಿಗಳಿಗೂ ಇದು ಅರಿವಾಯಿತು, ಆಜ್ಞೆ ಬದಲಾಯಿತು: ಹಿಂದೆ ಸರಿದು ಕೊಹಿಮಾಕ್ಕೆ ಬನ್ನಿ.

ಆದರೆ ಬದಲಾದ ಆಜ್ಞೆಯನ್ನು ತಲುಪಿಸುವುದು ಹೇಗೆ? ಜೆಸ್ಸಾಮಿಯೊಂದಿಗೆ ವೈರ್‌ಲೆಸ್ ಸಂಪರ್ಕ ಕಡಿದಿತ್ತು. ವಿಮಾನದಿಂದ ಸಂದೇಶ ಎಸೆಯುವ ಪ್ರಯತ್ನವೂ ಫಲಿಸಲಿಲ್ಲ. ಕೊನೆಗೆ ಬೆಟಾಲಿಯನ್ನಿನ ಯುವ ಅಧಿಕಾರಿ ಲೆಫ್ಟಿನೆಂಟ್ ಕಾರ್ಲೆಟ್ ಶತ್ರುಗಳು ಸುತ್ತುವರಿದಿದ್ದ ಕಾಡನ್ನು ಕಾಲ್ನಡಿಗೆಯಲ್ಲಿ ಹಾದು ಜೆಸ್ಸಾಮಿಯ ನೆಲೆಯೊಳಗೆ ಹೊಕ್ಕು ಆಜ್ಞೆಯನ್ನು ಬ್ರೌನ್ ಅವರ ಕೈಗೆ ಮುಟ್ಟಿಸಿದರು. ರಾತ್ರಿಯಲ್ಲಿ ಜಪಾನೀಯರ ಕಡೆಯಿಂದ ಬರುವ ಯಾವ ಆಕೃತಿಯ ಮೇಲೂ ಗುಂಡು ಹಾರಿಸಲು ಸಿದ್ಧವಾಗಿ ಕುಳಿತಿದ್ದವರ ಕಡೆಗೆ ನಡೆದು ಹೋಗುವುದು ಎಂಥ ಕೆಲಸವೆಂಬುದನ್ನು ಊಹಿಸಿಕೊಳ್ಳಿ. ಮಾರ್ಚ್ ಮುಗಿದು ಏಪ್ರಿಲ್ ಹುಟ್ಟುವ ಹೊತ್ತಿಗೆ ಬೆಟಾಲಿಯನ್ ಚಿಕ್ಕ ಚಿಕ್ಕ ಗುಂಪುಗಳಾಗಿ ಮುತ್ತಿಗೆಯನ್ನು ಸೀಳಿಕೊಂಡು ಹೊರಬಂದಿತು. ಎಲ್ಲರೂ ಹೊರಬರಲಾಗಲಿಲ್ಲ, ದಾರಿಯಲ್ಲಿ ಸಿಕ್ಕಿಬಿದ್ದವರು, ಗಾಯಗೊಂಡು ಹಿಂದುಳಿದವರು ಇದ್ದರು. ಇಂಥ ಕಾಡಿನಲ್ಲಿ ದಾರಿ ಬಲ್ಲ ಗುಡ್ಡಗಾಡಿನ ಸೈನಿಕರಲ್ಲದೆ ಬೇರೆಯವರಾಗಿದ್ದರೆ ಇನ್ನೂ ಕಡಿಮೆ ಜನ ಕೊಹಿಮಾ ತಲುಪುತ್ತಿದ್ದರು.

ಖರಸೋಮ್‌ಗೆ ಆ ಸಂದೇಶ ಮುಟ್ಟಲೇ ಇಲ್ಲ. ಅಲ್ಲಿನ ಕಂಪನಿಯ ಅಧಿಕಾರಿ ಸ್ಕಾಟ್ಲೆಂಡಿನ ಕ್ಯಾಪ್ಟನ್ ಯಂಗ್. ಅವರ ಪಾಲಿಗೆ ಹಳೆಯ ಆಜ್ಞೆಯೇ ಜಾರಿಯಲ್ಲಿತ್ತು. ಕೆಲವು ದಿನ ದಾಳಿಗಳನ್ನು ತಡೆದ ಮೇಲೆ, ಆಹಾರ ಮದ್ದುಗುಂಡುಗಳು ತೀರುತ್ತ ಬಂದು ಇನ್ನೊಂದು ದೊಡ್ಡ ದಾಳಿಗೆ ಉಳಿಯುವುದು ಅಸಾಧ್ಯವೆಂದು ಸ್ಪಷ್ಟವಾದಾಗ, ಅವರು ತೆಗೆದುಕೊಂಡ ತೀರ್ಮಾನ ಆ ಯುದ್ಧದಲ್ಲಿ ನಾನು ಓದಿರುವ ತೀರ್ಮಾನಗಳಲ್ಲೆಲ್ಲ ಅತ್ಯಂತ ಕಠಿಣವಾದದ್ದು. ತಮ್ಮ ಸಿಪಾಯಿಗಳಿಗೆ ರಾತ್ರಿ ಕತ್ತಲಲ್ಲಿ ಜಾರಿಕೊಂಡು ಕೊಹಿಮಾ ಸೇರುವಂತೆ ಹೇಳಿದರು. ಆಜ್ಞೆ ತಮಗೆ ಬಂದದ್ದಾದ್ದರಿಂದ ತಾವು ಮಾತ್ರ ಉಳಿದರು. ಮರುದಿನ ಜಪಾನೀಯರು ನೆಲೆಯೊಳಗೆ ನುಗ್ಗಿದಾಗ ಅವರು ಒಬ್ಬರೇ ಹೋರಾಡಿ ಅಲ್ಲೇ ಸತ್ತರು. ಕೊನೆಯ ಮನುಷ್ಯನೆಂದರೆ ತಾನೊಬ್ಬನೇ ಎಂದು ಅರ್ಥಮಾಡಿಕೊಂಡು, ಆಜ್ಞೆಯನ್ನೂ ಉಳಿಸಿ ಜನರನ್ನೂ ಉಳಿಸಿದ ಅಧಿಕಾರಿ ಅವರು.

ಏಪ್ರಿಲ್ ಮೊದಲ ದಿನಗಳಲ್ಲಿ ಕೊಹಿಮಾ ತಲುಪಿ ಅಲ್ಲಿನ ರಕ್ಷಣಾ ಪಡೆಯನ್ನು ಸೇರಿದ ಅಸ್ಸಾಂ ಬೆಟಾಲಿಯನ್ನಿನವರು ಸುಮಾರು 260 ಮಂದಿ. ಐದು ದಿನ ಕಾದಾಡಿ, ಬೆಟ್ಟಗಳನ್ನು ಏರಿಳಿದು, ಅರೆಹೊಟ್ಟೆಯಲ್ಲಿ ಬಂದವರು ಅವರು. ಒಂದೆರಡು ದಿನಗಳ ವಿರಾಮವೂ ಸರಿಯಾಗಿ ದೊರೆಯಲಿಲ್ಲ. ಏಪ್ರಿಲ್ 4ರಂದು ದಕ್ಷಿಣದಿಂದ ಬಂದ ಜಪಾನೀ 58ನೇ ರೆಜಿಮೆಂಟ್ ಕೊಹಿಮಾದ ಅಂಚನ್ನು ಮುಟ್ಟಿತು. ನೀವು ಸಮಾಧಿಭೂಮಿಯಲ್ಲಿ ಕಥೆ ಕೇಳಿದ ಆ ಬ್ರಿಟಿಷ್ ಬೆಟಾಲಿಯನ್, ಅಂದರೆ ರಾಯಲ್ ವೆಸ್ಟ್ ಕೆಂಟ್ ರೆಜಿಮೆಂಟಿನ 4ನೇ ಬೆಟಾಲಿಯನ್, ದಿಮಾಪುರದ ಕಡೆಯಿಂದ ಮರಳಿ ಬಂದು ಒಳಸೇರಿದ್ದು 5ರಂದು. ಅನಂತರ ದಾರಿ ಮುಚ್ಚಿತು. ಒಳಗೆ ಉಳಿದ ಸುಮಾರು 2,500 ಜನರಲ್ಲಿ ಗುಮಾಸ್ತರು, ಅಡುಗೆಯವರು, ಗಾಯಾಳುಗಳು ಸೇರಿದಂತೆ ಬಂದೂಕು ಹಿಡಿಯದವರೇ ಬಹಳ. ಕರ್ನಲ್ ಹ್ಯೂ ರಿಚರ್ಡ್ಸ್ ಅವರ ಕೈಕೆಳಗಿದ್ದ ಈ ಪಡೆಯಲ್ಲಿ ಅಸ್ಸಾಂ ಬೆಟಾಲಿಯನ್, ಅಸ್ಸಾಂ ರೈಫಲ್ಸ್, 4/7 ರಜಪೂತ್ (ಅಂದರೆ 7ನೇ ರಜಪೂತ್ ರೆಜಿಮೆಂಟಿನ 4ನೇ) ಬೆಟಾಲಿಯನ್ನಿನ ಒಂದು ಕಂಪನಿ ಮುಂತಾದ ಭಾರತೀಯ ತುಕಡಿಗಳಿದ್ದವು.

ಮುತ್ತಿಗೆಯ ಕಥೆ ನಿಮಗೆ ಗೊತ್ತೇ ಇರುವುದರಿಂದ ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ನೀರಿನ ದಾರಿ ಕಡಿದುಹೋಗಿತ್ತು, ಗಾಯಾಳುಗಳು ತೆರೆದ ಕಂದಕಗಳಲ್ಲಿ ಮಲಗಿ ಎರಡನೆಯ ಸಲ ಗಾಯಗೊಳ್ಳುತ್ತಿದ್ದರು, ವಿಮಾನಗಳು ಎಸೆದ ಸಾಮಗ್ರಿಯಲ್ಲಿ ಎಷ್ಟೋ ಶತ್ರುವಿನ ಕಡೆಗೆ ಬೀಳುತ್ತಿತ್ತು. ಏಪ್ರಿಲ್ 18ರಂದು 1/1 ಪಂಜಾಬ್ ಬೆಟಾಲಿಯನ್ ಒಳಸೇರಿ, 20ರ ಹೊತ್ತಿಗೆ ಹಳೆಯ ರಕ್ಷಕರು ಹೊರಬರುವವರೆಗೂ ಅಸ್ಸಾಂ ಸೈನಿಕರು ಗ್ಯಾರಿಸನ್ ಬೆಟ್ಟದ ಆ ಇಕ್ಕಟ್ಟಿನ ನೆಲೆಯಲ್ಲೇ ಇದ್ದರು. ರಾಯಲ್ ವೆಸ್ಟ್ ಕೆಂಟ್ ಬೆಟಾಲಿಯನ್ನಿನ ಸಾಹಸಕ್ಕೆ ಸಲ್ಲಬೇಕಾದ ಗೌರವ ದೊಡ್ಡದು. ಅದರ ಲ್ಯಾನ್ಸ್ ಕಾರ್ಪೊರಲ್ ಜಾನ್ ಹಾರ್ಮನ್ ಅವರಿಗೆ ಮರಣೋತ್ತರ ವಿಕ್ಟೋರಿಯಾ ಕ್ರಾಸ್ ಬಂದದ್ದು ಅಲ್ಲಿಯೇ. ಆದರೆ ಆ ಬೆಟಾಲಿಯನ್ನಿನ ಜನ ಮನೆಗೆ ಪತ್ರ ಬರೆದರು, ಅನಂತರ ನೆನಪುಗಳನ್ನು ಬರೆದರು, ಅವರ ಊರಿನ ಪತ್ರಿಕೆಗಳು ಅವರನ್ನು ಹುಡುಕಿಕೊಂಡು ಬಂದವು. ಜೆಸ್ಸಾಮಿಯ ಸಿಪಾಯಿಗಳು ತಮ್ಮ ಹಳ್ಳಿಗಳಿಗೆ ಮರಳಿ ಒಲೆಯ ಮುಂದೆ ಹೇಳಿದ ಮಾತುಗಳು ಕಾಗದಕ್ಕೆ ಇಳಿಯಲಿಲ್ಲ. ನಿಮಗೆ ಒಂದೇ ಬೆಟಾಲಿಯನ್ನಿನ ಕಥೆ ಕೇಳಿಸಿದ್ದಕ್ಕೆ ಕಾರಣ ಹೆಚ್ಚಾಗಿ ಇದೇ.

ಹಾಗೆಂದು ಜೆಸ್ಸಾಮಿಯೊಂದೇ ಕೊಹಿಮಾವನ್ನು ಉಳಿಸಿತು ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಅಭಿಮಾನದಿಂದ ಬರೆಯುವವರು ಕೆಲವರು ಹೀಗೆ ಬರೆಯುತ್ತಾರೆ. ಕೊಹಿಮಾವನ್ನು ಮೊದಲು ಮುಟ್ಟಿದ 58ನೇ ರೆಜಿಮೆಂಟನ್ನು ತಡೆದದ್ದು ಇನ್ನೂ ದಕ್ಷಿಣದ ಸಂಗ್ಶಾಕ್‌ನಲ್ಲಿ. ಅಲ್ಲಿ ಮಾರ್ಚ್ 22ರಿಂದ 26ರವರೆಗೆ 50ನೇ ಭಾರತೀಯ ಪ್ಯಾರಾಚೂಟ್ ಬ್ರಿಗೇಡ್ ನೀರಿಲ್ಲದ ಒಂದು ಬೆಟ್ಟದ ಮೇಲೆ ನಿಂತು ಹೋರಾಡಿತು. ಕನ್ನಡ ಓದುಗರಿಗೆ ಇಲ್ಲಿ ಒಂದು ಮಾತನ್ನು ಹೇಳಬೇಕು: ಆ ಬೆಟ್ಟದ ಮೇಲೆ ಬ್ರಿಗೇಡಿನ ಜೊತೆಗಿದ್ದದ್ದು, ನಮ್ಮ ಬೆಳಗಾವಿಯಲ್ಲಿ ತರಬೇತಿ ಕೇಂದ್ರವಿರುವ ಮರಾಠಾ ಲಘು ಪದಾತಿದಳದ 4ನೇ ಬೆಟಾಲಿಯನ್. (ಅದೇ ಹದಿನಾಲ್ಕನೆಯ ಸೈನ್ಯದ ಅರಕಾನ್ ರಂಗದಲ್ಲಿ ಕೊಡಗಿನ ತಿಮ್ಮಯ್ಯನವರು 8/19 ಹೈದರಾಬಾದ್ ಬೆಟಾಲಿಯನ್ನನ್ನು ಮುನ್ನಡೆಸಿದ್ದನ್ನು ಅನೇಕರು ಬಲ್ಲರು, ಬೆಳಗಾವಿಯ ಈ ನಂಟನ್ನು ಬಲ್ಲವರು ಕಡಿಮೆ.) ಸಂಗ್ಶಾಕ್ ಒಂದು ಕವಲನ್ನು ತಡೆಯಿತು, ಜೆಸ್ಸಾಮಿ ಮತ್ತು ಖರಸೋಮ್ ಇನ್ನುಳಿದ ದಾರಿಗಳನ್ನು ತಡೆದವು. ಮೂರೂ ಕಡೆ ತಡೆ ಇಲ್ಲದಿದ್ದರೆ ಇಡೀ 31ನೇ ಡಿವಿಷನ್, ಕೊಹಿಮಾದಲ್ಲಿ ರಕ್ಷಣೆಯೇ ಇಲ್ಲದಿದ್ದ ಮಾರ್ಚ್ ಕೊನೆಯ ದಿನಗಳಲ್ಲೇ ಒಟ್ಟಾಗಿ ಬಂದಿರುತ್ತಿತ್ತು.

ಮೂರು ವಾರಗಳ ಆಹಾರದ ವಿಷಯಕ್ಕೆ ಈಗ ಬರೋಣ. ಬೆಟ್ಟದಲ್ಲಿ ಕಳೆದ ಒಂದೊಂದು ದಿನವೂ ಜಪಾನೀ ಸೈನಿಕನ ಚೀಲದ ಅಕ್ಕಿಯನ್ನು ತಿಂದು ಹಾಕುತ್ತಿತ್ತು. ಕೊಹಿಮಾ ಬೇಗ ಬೀಳಲಿಲ್ಲ, ದಿಮಾಪುರದ ಉಗ್ರಾಣ ಕೈಗೆ ಸಿಗಲಿಲ್ಲ. ಹಸಿವು, ಕಾಯಿಲೆ, ಮಳೆಗಾಲ ಮೂರೂ ಸೇರಿದ ಮೇಲೆ, ಮೇ ಕೊನೆಯಲ್ಲಿ ಸಾಟೋ ತಮ್ಮ ಮೇಲಧಿಕಾರಿಯ ಆಜ್ಞೆಯನ್ನೂ ಮೀರಿ ಡಿವಿಷನ್ನನ್ನು ಹಿಂತೆಗೆದುಕೊಂಡರು. ಜೂನ್ 22ರಂದು ಇಂಫಾಲ ರಸ್ತೆ ತೆರೆಯಿತು. ಮಾರ್ಚಿನಲ್ಲಿ ಒಂದು ಹಳ್ಳಿಯ ಮುಂದೆ ಐದು ದಿನ ಕಳೆದುಕೊಂಡದ್ದರ ಪರಿಣಾಮ ಜಪಾನೀಯರಿಗೆ ಮೇ ತಿಂಗಳಲ್ಲಿ ತಟ್ಟಿತು ಎಂದು ಹೇಳಿದರೆ ತಪ್ಪಾಗದು. ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರವಿದು: ಅಲ್ಲಿ ನಿಲ್ಲಿಸಿದ್ದು ಸರಿ, ಕೊನೆಯ ಮನುಷ್ಯನವರೆಗೆ ಎಂದದ್ದು ತಪ್ಪು, ಆ ತಪ್ಪನ್ನು ತಿದ್ದಿದ್ದರಿಂದ ಕೊಹಿಮಾಕ್ಕೆ 260 ಜನ ಸಿಕ್ಕರು.

ಕೊಹಿಮಾದೊಂದಿಗೆ ಬೆಟಾಲಿಯನ್ನಿನ ಯುದ್ಧ ಮುಗಿಯಲಿಲ್ಲ. ಅರದುರಾ ಬೆಟ್ಟ, ಚಿಂದ್ವಿನ್ ದಡದ ಮಾವ್ಲೈಕ್, ಇರವಾಡಿ ನದಿಯ ಕ್ಯಾವ್ಕ್‌ಮ್ಯಾಂಗ್ ದಾಟುನೆಲೆ, ಕೊನೆಗೆ ದಕ್ಷಿಣ ಬರ್ಮಾದ ದಾರಿಯ ಟೌಂಗೂ ಹೀಗೆ 1945ರವರೆಗೂ ಅದು ಮುಂದುವರಿಯಿತು. ಜೆಸ್ಸಾಮಿ, ಕೊಹಿಮಾಗಳ ಜೊತೆಗೆ ಈ ಹೆಸರುಗಳೂ ರೆಜಿಮೆಂಟಿನ ಯುದ್ಧಗೌರವಗಳಲ್ಲಿ ಸೇರಿವೆ.

ಹೆಸರುಗಳನ್ನು ಹುಡುಕುವ ಬಗ್ಗೆ. ಕೊಹಿಮಾ ಸಮಾಧಿಭೂಮಿಯಲ್ಲಿ 1,420 ಸಮಾಧಿಗಳಿವೆ. ಅದರ ಮೇಲ್ಭಾಗದಲ್ಲಿ, ಧರ್ಮಾನುಸಾರ ದಹನ ಮಾಡಿದ 917 ಹಿಂದೂ ಮತ್ತು ಸಿಖ್ ಸೈನಿಕರ ಹೆಸರುಗಳನ್ನು ಕೆತ್ತಿದ ಸ್ಮಾರಕವಿದೆ. ಕೆಳಗಿನ ಸಾಲುಗಳನ್ನು ಮಾತ್ರ ನೋಡಿ ಹಿಂತಿರುಗುವವರು ಅದನ್ನು ತಪ್ಪಿಸಿಕೊಳ್ಳುತ್ತಾರೆ. ಅಸ್ಸಾಂ ಬೆಟಾಲಿಯನ್ನಿನಲ್ಲಿ ಕ್ರೈಸ್ತರೂ ಹಿಂದೂಗಳೂ ಇದ್ದುದರಿಂದ ಎರಡೂ ಕಡೆ ಹುಡುಕಬೇಕು. ಜೆಸ್ಸಾಮಿ, ಖರಸೋಮ್‌ಗಳಲ್ಲಿ ಸತ್ತು ದೇಹ ಸಿಗದವರನ್ನು ಅಲ್ಲಿ ಹುಡುಕಿ ಫಲವಿಲ್ಲ. ಬರ್ಮಾ ಯುದ್ಧದಲ್ಲಿ ಗುರುತಾದ ಸಮಾಧಿಯಿಲ್ಲದ ಸುಮಾರು 27,000 ಜನರ ಹೆಸರು ಇರುವುದು ಮ್ಯಾನ್ಮಾರಿನ ಯಾಂಗೊನ್ ಬಳಿಯ ತೌಕ್ಯಾನ್‌ನ ರಂಗೂನ್ ಸ್ಮಾರಕದಲ್ಲಿ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ರೆಜಿಮೆಂಟಿನ ಹೆಸರು ಮತ್ತು ವರ್ಷದಿಂದ ಹುಡುಕಿದರೆ ಈ ಮೂರೂ ಕಡೆಯ ಹೆಸರುಗಳು ಒಟ್ಟಿಗೆ ಸಿಗುತ್ತವೆ. ಗುಡ್ಡಗಾಡಿನ ಹೆಸರುಗಳನ್ನು ಅಂದಿನ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಒಂದೇ ಕಾಗುಣಿತಕ್ಕೆ ಅಂಟಿಕೊಳ್ಳದೆ, ಸಿಕ್ಕಿದರೆ ಸೇವಾ ಸಂಖ್ಯೆಯಿಂದ ಹುಡುಕುವುದು ಒಳಿತು. ಬದುಕಿ ಮರಳಿದವರ ಹೆಸರು ಆ ಪಟ್ಟಿಗಳಲ್ಲಿ ಇರುವುದಿಲ್ಲ. ಬೆಟಾಲಿಯನ್ನಿನ ದಿನದಿನದ ಚಟುವಟಿಕೆ ತಿಳಿಯಬೇಕಾದರೆ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಯುದ್ಧ ದಿನಚರಿಗಳನ್ನು ನೋಡಬೇಕು. ಅಲ್ಲಿ ಡಬ್ಲ್ಯುಒ 172 ಎಂಬ ಸರಣಿಯ ಕಡತಗಳನ್ನು ಕೇಳಿ. ಸೈನಿಕನ ಕುಟುಂಬದವರಾಗಿದ್ದರೆ ಶಿಲ್ಲಾಂಗಿನಲ್ಲಿರುವ ರೆಜಿಮೆಂಟಿನ ಕೇಂದ್ರಕ್ಕೆ, ಸೇವಾ ಸಂಖ್ಯೆ, ಊರಿನ ಹೆಸರು, ಪಿಂಚಣಿ ಕಾಗದದ ನಕಲು ಇವುಗಳಲ್ಲಿ ಇರುವಷ್ಟನ್ನು ಸೇರಿಸಿ ಪತ್ರ ಬರೆಯಬಹುದು.